ಸೌಂಡಣ್ಣ ಆಟದ ಜಾಗ ಹುಡುಕಿದ್ದು

ಮಕ್ಕಳಿಗೆ ಆಟದ ಜಾಗ ಹುಡುಕುವ ಅಪ್ಪಂದಿರು ಏನು ನೋಡುತ್ತಾರೆ? ಜಾರುಬಂಡೆ ಗಟ್ಟಿಯಾಗಿದೆಯೇ, ನೆಲ ಮೆತ್ತಗಿದೆಯೇ, ಕಕ್ಕಸು ಚೊಕ್ಕಟವಾಗಿದೆಯೇ, ತಾವು ಕೂತು ಫೋನು ನೋಡಲು ಒಂದು ಕುರ್ಚಿ ಇದೆಯೇ. ಅಷ್ಟೇ ತಾನೇ? ನಮ್ಮ ಸೌಂಡಣ್ಣ ಹಾಗಲ್ಲ. ಬಾಗಿಲು ದಾಟಿದವನೇ ಕೋಣೆಯ ನಟ್ಟನಡುವೆ ನಿಂತು, ಎರಡೂ ಕೈ ಎತ್ತಿ, ಫಟ್ ಅಂತ ಒಂದು ಚಪ್ಪಾಳೆ ಹೊಡೆದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆ ಚಪ್ಪಾಳೆ ಗೋಡೆಗೆ ಬಡಿದು ಎಷ್ಟು ಹೊತ್ತು ಗುಂಯ್ ಎನ್ನುತ್ತದೆ ಅಂತ ಕೇಳಿಸಿಕೊಂಡ ಮೇಲೆಯೇ ಕಣ್ಣು ಬಿಟ್ಟು ಜಾರುಬಂಡೆ ಎಲ್ಲಿದೆ ಅಂತ ನೋಡುತ್ತಿದ್ದ.

ಅವನ ಕೆಲಸವೇ ಅಂಥದ್ದು. ಸಿನಿಮಾ ಇರಲಿ, ಜಾಹೀರಾತು ಇರಲಿ, ಕಾಡುಪ್ರಾಣಿಗಳ ಚಿತ್ರ ಇರಲಿ, ತೆಗೆಯುವವರ ಹಿಂದೆ ಮೈಕು ಹಿಡಿದು ನಿಂತು ಸದ್ದು ಹಿಡಿಯುವವನು ಅವನು. ಕ್ಯಾಮೆರಾದವರು ಬೆಳಕು ಬೆಳಕು ಅಂತ ಸಾಯುತ್ತಾರೆ, ಇವನು ಸೈಲೆನ್ಸ್ ಸೈಲೆನ್ಸ್ ಅಂತ ಸಾಯುತ್ತಾನೆ. ಎರಡು ಬೀದಿಯಾಚೆ ಯಾರೋ ಸ್ಕೂಟರ್ ಒದ್ದರೂ ಇವನ ಕೈ ಮೇಲೆ ಹೋಗುತ್ತಿತ್ತು, ದೊಡ್ಡ ದೊಡ್ಡ ನಟರು ಬಾಯಿ ಅರ್ಧ ತೆರೆದುಕೊಂಡು ಕಾಯಬೇಕಾಗುತ್ತಿತ್ತು. ಜೊತೆಯವರು ಅವನಿಗೆ ಸೌಂಡಣ್ಣ ಅಂತ ಹೆಸರಿಟ್ಟಿದ್ದರು. ಅವನಿದ್ದ ಕಟ್ಟಡದ ಮಕ್ಕಳು ಮಾತ್ರ 'ಶ್ ಮಾಮ' ಎನ್ನುತ್ತಿದ್ದವು. ಮೆಟ್ಟಿಲ ಮೇಲೆ ಅವನನ್ನು ಕಂಡರೆ ಬೆರಳ ತುದಿಯಲ್ಲಿ ನಡೆದು, ಅವನು ಆಚೆ ತಿರುಗಿದ ಮೇಲೆ ಕಿಸಕ್ ಅಂತ ನಗುತ್ತಿದ್ದವು. ಅದೂ ಅವನಿಗೆ ಕೇಳಿಸುತ್ತಿತ್ತು, ಪಾಪ.

ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಮನೆಯಲ್ಲಿಟ್ಟ ಅಡ್ಡಹೆಸರು ರೇಡಿಯೋ. ಅಜ್ಜಿ ಇಟ್ಟದ್ದು. ನಾಲ್ಕು ತುಂಬಿದ ಪೋರ ಬೆಳಗ್ಗೆ ಕಣ್ಣಿಗಿಂತ ಮೊದಲು ಬಾಯಿ ತೆರೆಯುತ್ತಿದ್ದ. ಹಲ್ಲುಜ್ಜುವಾಗ ಬ್ರಷ್ಷಿನ ಜೊತೆ ಮಾತು, ಸ್ನಾನ ಮಾಡುವಾಗ ಬಕೆಟ್ಟಿನ ಜೊತೆ ಮಾತು, ಊಟಕ್ಕೆ ಕೂತರೆ ತುತ್ತು ನುಂಗಲು ಪುರುಸೊತ್ತಿಲ್ಲದಷ್ಟು ಮಾತು. ಆದರೆ ಹೊಸ್ತಿಲು ದಾಟಿದನೋ, ಮುಗಿಯಿತು. ಬಾಯಿಗೆ ಬೀಗ. ಬೀದಿಯಲ್ಲಿ, ಅಂಗಡಿಯಲ್ಲಿ, ಯಾರ ಮನೆಗೆ ಹೋದರೂ ಅಷ್ಟೇ. ತುಟಿ ಎರಡನ್ನೂ ಒಳಗೆ ಮಡಿಸಿಕೊಂಡು, ಕಣ್ಣು ಅರಳಿಸಿಕೊಂಡು ನಿಂತುಬಿಡುತ್ತಿದ್ದ. ಆರು ತಿಂಗಳಿಂದ ಹೀಗೇ.

ಅಮ್ಮ ಮನೆಯಲ್ಲಿ ಮುದ್ದು ಮಾಡಿ ಕೇಳಿದ್ದಳು. "ಯಾಕೋ ಬಂಗಾರ, ಹೊರಗೆ ಹೋದ್ರೆ ಯಾಕೆ ಮಾತಾಡಲ್ಲ?"

"ಗೊತ್ತಿದ್ದೂ ಕೇಳ್ತೀಯಲ್ಲಮ್ಮಾ ನೀನು!" ಅಂತ ನಕ್ಕು ಮೇಜಿನಡಿಗೆ ನುಗ್ಗಿದ್ದ. ಅಲ್ಲಿಂದ ಅವನನ್ನು ಎಳೆಯುವಷ್ಟರಲ್ಲಿ ಮಾತು ಇರುವೆಗಳ ಕಡೆ ಹೊರಳಿತ್ತು.

ಡಾಕ್ಟರು ಕಿವಿ ನೋಡಿದರು, ಗಂಟಲು ನೋಡಿದರು, ಎಲ್ಲ ಚೆನ್ನಾಗಿದೆ ಎಂದರು. ಸಂಕೋಚ ಇರಬೇಕು, ನಾಲ್ಕು ಮಕ್ಕಳ ಜೊತೆ ಬಿಡಿ ಎಂದರು. ಶಾಲೆಯ ಟೀಚರು ಇವನನ್ನು ಎದುರಿಗೆ ಕೂರಿಸಿಕೊಂಡು ಹೆಸರು ಕೇಳಿದರು, ಬಣ್ಣ ಕೇಳಿದರು, ನಾಯಿ ಹೇಗೆ ಬೊಗಳುತ್ತದೆ ಎಂದು ಕೇಳಿದರು. ಕೊನೆಗೆ ಆ ಪುಣ್ಯಾತ್ಗಿತ್ತಿ ತಾನೇ ಬೊಗಳಿಯೂ ತೋರಿಸಿದರು. ರೇಡಿಯೋ ನಗಲಿಲ್ಲ, ಮಾತೂ ಆಡಲಿಲ್ಲ. "ರಜೆ ಮುಗಿಯೋದ್ರೊಳಗೆ ಸ್ವಲ್ಪನಾದ್ರೂ ಬಾಯಿ ಬಿಟ್ರೆ ಕರ್ಕೊಂಡು ಬನ್ನಿ. ಇಲ್ದಿದ್ರೆ ಮುಂದಿನ ವರ್ಷ ನೋಡೋಣ" ಎಂದು ಕಳಿಸಿದರು.

ಹೆಂಡತಿ ಡ್ರೈವಿಂಗ್ ಕಲಿಸುವವಳು. ದಿನವಿಡೀ ಬೇರೆಯವರ ಎಡವಟ್ಟು ಬ್ರೇಕಿಗೆ ಎದೆಗೊಟ್ಟು ಕೂರುವ ಗಟ್ಟಿಗಿತ್ತಿ. ಆ ದಿನ ಶಾಲೆಯಿಂದ ಬಂದವಳು ಬಚ್ಚಲುಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದಳು. ಬೇರೆ ಗಂಡನಾಗಿದ್ದರೆ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ನೀರಿನ ಕೆಳಗೆ ಅವಳು ಬಿಕ್ಕುವುದು ಸೌಂಡಣ್ಣನಿಗೆ ಸ್ಪಷ್ಟವಾಗಿ ಕೇಳಿಸಿತು. ಬಾಗಿಲ ಹೊರಗೆ ಟವಲು ಹಿಡಿದು ನಿಂತ. ಅವನಿಗೂ ಅಳು ಬಂದಿತ್ತು. ನಮ್ಮ ಮಗು ಈ ಪ್ರಪಂಚಕ್ಕೆ ಹೆದರಿಬಿಟ್ಟಿದೆ, ಹೆದರಿಸಿದವರು ಯಾರು ಎಂದು ಅವನ ಎದೆಯಲ್ಲಿ ಕೊರೆಯುತ್ತಿತ್ತು.

ಅತ್ತೆಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಮಗಳ ಮನೆಯಲ್ಲೇ ಇದ್ದ ಆಕೆ ಬಸ್ಸಿನ ಕಂಡಕ್ಟರಾಗಿ ದುಡಿದು ನಿವೃತ್ತರಾದವರು. ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ, ಅವರ ಪಿಸುಮಾತೂ ಹಿಂದಿನ ಸೀಟಿಗೆ ಮುಟ್ಟುತ್ತಿತ್ತು.

"ಅಳಿಯಂದ್ರೇ, ನಾನು ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಮನೇಲಿ ಒಬ್ರು ಬಾಯಿಮೇಲೆ ಬೆರಳಿಟ್ಕೊಂಡೇ ಓಡಾಡ್ತಾ ಇದ್ರೆ ಮಗು ಇನ್ನೇನು ಕಲಿಯುತ್ತೆ?"

"ಅತ್ತೆ, ಮನೇಲಿ ಅವನು ಮಾತಾಡ್ತಾನಲ್ಲ! ಅವನಿಗೆ ಆಗದೇ ಇರೋದು ಹೊರಗಿನ ಗಲಾಟೆ. ಗಲಾಟೆ ಇಲ್ಲದ ಜಾಗಕ್ಕೆ ಕರ್ಕೊಂಡು ಹೋದ್ರೆ ತಾನೇ ಬಾಯಿ ಬಿಡ್ತಾನೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಇವನು. ಬೀದಿ ಕೊನೆಯ ಪಾರ್ಕನ್ನು ಪೈಪು ಹಾಕಲೆಂದು ಅಗೆದು ಹಾಕಿದ್ದರು, ಬಿಸಿಲೂ ನೆತ್ತಿ ಸುಡುತ್ತಿತ್ತು. ಹಾಗಾಗಿ ಸೂರಿನ ಕೆಳಗೇ ಆಟದ ಜಾಗ ಹುಡುಕಬೇಕು, ಅದೂ ಸದ್ದಿಲ್ಲದ್ದು ಹುಡುಕಬೇಕು ಎಂದು ಹೊರಟ. ಸದ್ದಿಲ್ಲದ ಮಕ್ಕಳ ಆಟದ ಜಾಗ! ನೀರಿಲ್ಲದ ಕೆರೆ ಹುಡುಕಿದರೂ ಸಿಕ್ಕೀತು. ಹೆಂಡತಿಗೆ ಕೆಲಸ ಬಿಟ್ಟು ಬರಲಾಗುತ್ತಿರಲಿಲ್ಲ. ಅದಕ್ಕೇ ಹೋದ ಕಡೆಯೆಲ್ಲ ಕೊರಳಿಗೆ ರೆಕಾರ್ಡರ್ ನೇತುಹಾಕಿಕೊಂಡು, ಹೆಡ್‌ಫೋನ್ ಏರಿಸಿಕೊಂಡು, ಜಾಗದ ಸದ್ದು ಹಿಡಿದು ಸಂಜೆ ಅವಳಿಗೆ ಕೇಳಿಸುತ್ತಿದ್ದ. ಫೋಟೋ ಮೋಸ ಮಾಡಬಹುದು, ಸದ್ದು ಮೋಸ ಮಾಡುವುದಿಲ್ಲ ಎನ್ನುವುದು ಅವನ ಸಿದ್ಧಾಂತ.

ಮೊದಲು ಹೋದದ್ದು ದೊಡ್ಡ ಮಾಲಿನ ಮೂರನೇ ಮಹಡಿಗೆ. ಮಿಣುಕು ದೀಪ, ಕುಣಿಯುವ ಯಂತ್ರಗಳು, ಎಲ್ಲದಕ್ಕೂ ಬೇರೆ ಬೇರೆ ಹಾಡು. ಅಷ್ಟರ ನಡುವೆ ನಿಂತು ಈ ಮಹಾರಾಯ ಫಟ್ ಅಂತ ಚಪ್ಪಾಳೆ ಹೊಡೆದ. ಆ ಜಾಗದಲ್ಲಿ ಸಮಯ ಮುಗಿಯಿತು ಎನ್ನುವುದಕ್ಕೆ ಚಪ್ಪಾಳೆಯೇ ಸೂಚನೆಯಂತೆ. ಸುತ್ತಲಿದ್ದ ಮಕ್ಕಳೆಲ್ಲ ಒಂದೊಂದಾಗಿ ಇಳಿದು ಬಂದು ಚಪ್ಪಲಿ ಹುಡುಕತೊಡಗಿದವು. ಈಗಷ್ಟೇ ಹಣ ಕಟ್ಟಿ ಒಳಗೆ ಬಿಟ್ಟಿದ್ದ ತಾಯಂದಿರು ಇವನ ಮೇಲೆ ಮುಗಿಬಿದ್ದರು. ರೇಡಿಯೋ ಅಪ್ಪನ ಕಾಲು ತಬ್ಬಿಕೊಂಡು, ತುಟಿ ಮಡಿಸಿಕೊಂಡು, ಮೇಲೆ ನೋಡುತ್ತ ನಿಂತಿದ್ದ.

ಆಮೇಲೆ ಒಂದು ಹೋಟೆಲಿನ ನೆಲಮಾಳಿಗೆ. ಅಲ್ಲಿ ಪ್ಲಾಸ್ಟಿಕ್ ಚೆಂಡು ತುಂಬಿದ ದೊಡ್ಡ ತೊಟ್ಟಿ. ಚೆಂಡಿಗಿಂತ ಹೆಚ್ಚಾಗಿ ಕಾಲುಚೀಲದ ವಾಸನೆ ತುಂಬಿತ್ತು. ರೇಡಿಯೋ ಕುತ್ತಿಗೆವರೆಗೂ ಚೆಂಡಿನಲ್ಲಿ ಮುಳುಗಿ ಕೂತ. ಪಕ್ಕದಲ್ಲಿ ಮಕ್ಕಳು ಧುಮುಕಿ ಕಿರುಚುತ್ತಿದ್ದರೆ ಇವನು ಸದ್ದಿಲ್ಲದೆ ಒಂದೊಂದೇ ಚೆಂಡು ಎತ್ತಿ ಪಕ್ಕಕ್ಕಿಡುತ್ತಿದ್ದ, ಆಗಾಗ ಅಪ್ಪನ ಕಡೆ ನೋಡಿ ತಲೆಯಾಡಿಸುತ್ತಿದ್ದ. ಸೌಂಡಣ್ಣನೂ ಹೆಡ್‌ಫೋನ್ ಒಳಗಿಂದಲೇ ತಲೆಯಾಡಿಸಿದ. ಮಗು ಧೈರ್ಯ ಬೇಡುತ್ತಿದೆ ಎಂದುಕೊಂಡಿದ್ದ.

ಮೂರನೆಯದು ಅವನ ಕನಸಿನ ಜಾಗ. ಲೈಬ್ರರಿಯ ಹಿಂದಿನ ಕೋಣೆ. ದಪ್ಪ ಜಮಖಾನ, ಗೋಡೆಗೆಲ್ಲ ಬಟ್ಟೆ, ಮೂಲೆ ಮೂಲೆಗೆ ದಿಂಬು, ಮರದ ಒಗಟುಗಳು. ಚಪ್ಪಾಳೆ ಹೊಡೆದರೆ ಹೊಡೆದಲ್ಲೇ ಸತ್ತಿತು. ಸೌಂಡಣ್ಣನ ಕಣ್ಣಲ್ಲಿ ನೀರೇ ಬಂತು. ಎಷ್ಟು ನೆಮ್ಮದಿಯಾಯಿತೆಂದರೆ ದಿಂಬಿಗೊರಗಿ ಗೊರಕೆ ಹೊಡೆದ. ಅವನ ಗೊರಕೆ ಅವನದೇ ರೆಕಾರ್ಡರಿನಲ್ಲಿ ಬಲು ಚೊಕ್ಕವಾಗಿ ದಾಖಲಾಯಿತು. ರೇಡಿಯೋ ಪಕ್ಕದಲ್ಲಿ ಒಂದು ಒಗಟು ಮುಗಿಸಿ, ಮತ್ತೆ ಬಿಚ್ಚಿ, ಮತ್ತೆ ಮುಗಿಸುತ್ತ ಕೂತಿದ್ದ. ಅಲ್ಲಿದ್ದ ಇನ್ನೊಂದೇ ಒಂದು ಮಗುವೂ ನಿದ್ದೆ ಹೋಗಿತ್ತು.

"ಇದು ಆಟದ ಜಾಗವಾ ಅಳಿಯಂದ್ರೇ, ಆಪರೇಷನ್ ಆದೋರನ್ನ ಮಲಗಿಸೋ ವಾರ್ಡಾ?" ಎಂದರು ಅತ್ತೆ, ಸಂಜೆ ಅದನ್ನು ಕೇಳಿ.

ಹೆಂಡತಿ ದಿನವೂ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಮೊದಲಿಂದ ಕೊನೆಯವರೆಗೆ ಕೇಳುತ್ತಿದ್ದಳು. ಗುಂಯ್ ಎನ್ನುತ್ತದೋ ಇಲ್ಲವೋ ಅವಳಿಗೆ ಬೇಕಾಗಿರಲಿಲ್ಲ. ಅಷ್ಟು ಮಕ್ಕಳ ಕೂಗಿನಲ್ಲಿ ತನ್ನ ಮಗನ ಒಂದು ದನಿ ಇದೆಯಾ ಅಂತ ಹುಡುಕುತ್ತಿದ್ದಳು. ಇರುತ್ತಿರಲಿಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, "ರಜೆ ಮುಗಿಯೋಕೆ ಬಂತು ರೀ" ಎಂದಳು.

ಆಗ ಅತ್ತೆ ಕಾರುಬಾರು ಕೈಗೆ ತಗೊಂಡರು. ಅವರ ಜೊತೆ ದುಡಿದ ಡ್ರೈವರನ ಮಗಳು ಹಳೆಯ ಟೈರು ಗೋಡೌನೊಂದನ್ನು ಹಿಡಿದು ಮಕ್ಕಳ ಆಟದ ಮನೆ ಮಾಡಿದ್ದಳಂತೆ. "ನಾಳೆ ಅಲ್ಲಿಗೆ. ಮಾತಿಲ್ಲ ಕತೆಯಿಲ್ಲ" ಎಂದರು.

ಮರುದಿನ ಆ ಗೋಡೌನಿನ ಬಾಗಿಲಲ್ಲಿ ನಿಂತ ಸೌಂಡಣ್ಣ ಎರಡೂ ಕಿವಿ ಮುಚ್ಚಿಕೊಂಡ. ತಗಡಿನ ಸೂರು, ಸಿಮೆಂಟಿನ ಗೋಡೆ. ಒಳಗೆ ಟೈರು ಪೇರಿಸಿ ಮಾಡಿದ ಗುಡ್ಡ, ಹಗ್ಗದ ಬಲೆ, ಮರದ ಜಾರುಬಂಡೆ, ಬಡಿಯಲೆಂದೇ ಬೋರಲು ಹಾಕಿದ ತಗಡಿನ ಡಬ್ಬಗಳು. ಅದರ ತುಂಬ ಮಕ್ಕಳು. ಒಂದೊಂದು ಕಿರುಚಾಟವೂ ಸೂರಿಗೆ ಹೋಗಿ ಅಲ್ಲಿಂದ ನಾಲ್ಕಾಗಿ ಕೆಳಗಿಳಿಯುತ್ತಿತ್ತು. ಇಲ್ಲಿ ಚಪ್ಪಾಳೆ ಹೊಡೆಯುವ ಪ್ರಶ್ನೆಯೇ ಇರಲಿಲ್ಲ, ಹೊಡೆದರೆ ಹೊಡೆದವನಿಗೇ ಕೇಳಿಸುತ್ತಿರಲಿಲ್ಲ. ನಡೆಸುವಾಕೆ ಕೊರಳಲ್ಲಿ ಸೀಟಿ ಹಾಕಿಕೊಂಡು ಓಡಾಡುತ್ತಿದ್ದಳು.

"ಅತ್ತೆ, ಇಲ್ಲಿ ನನ್ನ ಕಿವಿಯೇ ಹೋಗುತ್ತೆ. ಮಗು ಗತಿ ಏನು?"

"ಏನಂದ್ರಿ?"

"ಮಗು ಗತಿ ಏನು ಅಂದೆ!"

"ಟೀ ಆಮೇಲೆ ತರ್ತೀನಿ ಬಿಡಿ!" ಎಂದು ಅತ್ತೆ ಬೇಕೆಂದೇ ಏನೋ ಒಂದು ಹೇಳಿ, ಮೊಮ್ಮಗನ ಶೂ ಬಿಚ್ಚಿಸಿ ಒಳಗೆ ಬಿಟ್ಟರು.

ಆಗಲಿ, ನೋಡೇಬಿಡೋಣ ಎಂದುಕೊಂಡ ಸೌಂಡಣ್ಣ. ಇವತ್ತಿನ ಸದ್ದು ಕೇಳಿಸಿದರೆ ಸಾಕು, ಅತ್ತೆಯ ವಾದ ಬಿದ್ದುಹೋಗುತ್ತದೆ. ಮಗು ತಿರುಗಿ ನೋಡುತ್ತಿದ್ದ ಹಾಗೇ ರೆಕಾರ್ಡರ್ ಒತ್ತಿ, ಹೆಡ್‌ಫೋನ್ ಏರಿಸಿ, ಮೈಕನ್ನು ಟೈರಿನ ಗುಡ್ಡದ ಕಡೆ ಹಿಡಿದು ಒಂದು ಪುಟಾಣಿ ಕುರ್ಚಿಯ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತ.

ರೇಡಿಯೋ ಗುಡ್ಡದ ಬುಡದಲ್ಲಿ ಕೂತಿದ್ದ. ಅವನದೇ ವಯಸ್ಸಿನ ಎರಡು ಜಡೆಯ ಹುಡುಗಿಯೊಬ್ಬಳು ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಏನೋ ಕೇಳಿದಳು. ಇವನು ಸುಮ್ಮನಿದ್ದ. ಅವಳು ಮತ್ತೆ ಕೇಳಿದಳು. ಸುಮ್ಮನಿದ್ದ. ಉತ್ತರ ಬರದಿದ್ದದ್ದನ್ನು ಒಪ್ಪಿಗೆ ಎಂದುಕೊಂಡಳೋ ಏನೋ, ಅವನ ಕಾಲಿನಿಂದ ಕೆಂಪು ಕಾಲುಚೀಲ ಎಳೆದು, ಕೈಗೆ ಹಾಕಿಕೊಂಡು, ಬಾಯಿ ತೆರೆದು ಮುಚ್ಚುವ ಬೊಂಬೆ ಮಾಡಿ, ಗುಡ್ಡ ಹತ್ತಿಬಿಟ್ಟಳು. ಅದು ಅವನ ಪ್ರಾಣದಂಥ ಕಾಲುಚೀಲ. ರಾತ್ರಿಯೂ ಬಿಚ್ಚಲು ಬಿಡುತ್ತಿರಲಿಲ್ಲ. ಪೋರ ಎದ್ದು ನಿಂತ. ಕೈ ಮುಷ್ಟಿಯಾಯಿತು. ಕಣ್ಣಲ್ಲಿ ನೀರು ತುಂಬಿತು. ತಿರುಗಿ ಅಪ್ಪನನ್ನು ನೋಡಿದ. ಅಳು ಬಾಯಿಯವರೆಗೆ ಬಂದು ತುಟಿಯ ಹಿಂದೆ ನಿಂತಿತ್ತು, ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡ.

ಸೌಂಡಣ್ಣ ಏಳಬೇಕು ಎನ್ನುವಷ್ಟರಲ್ಲಿ ಹಿಂದಿನಿಂದ ತಮ್ಮ ಟೀ ಹಿಡಿದು ಬಂದ ಅತ್ತೆ, ಸರಿಯಾಗಿ ಮೈಕಿನ ಮೂತಿಗೇ ಬಾಯಿಟ್ಟು, ಮೂವತ್ತು ವರ್ಷದ ಸರ್ವೀಸನ್ನೆಲ್ಲ ಒಟ್ಟು ಮಾಡಿ ಕೂಗಿದರು: "ಅಳಿಯಂದ್ರೇ, ಟೀಗೆ ಸಕ್ಕರೆ ಹಾಕಿಸ್ಲಾ ಬೇಡ್ವಾ?"

ಹೆಡ್‌ಫೋನಿನೊಳಗೆ ಆ ಸಕ್ಕರೆ ಸಿಡಿಲಿನ ಹಾಗೆ ಬಿತ್ತು. ಸೌಂಡಣ್ಣ ಪುಟಾಣಿ ಕುರ್ಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಎಗರಿ, ಹೆಡ್‌ಫೋನ್ ಕಿತ್ತೆಸೆದು, ಶೂಟಿಂಗಿನಲ್ಲಿ ಅರಚುವ ಹಾಗೆ ಅರಚಿದ: "ಕಟ್! ಕಟ್! ಕಟ್!"

"ನನ್ ಸಾಕ್ಸ್ ಕೊಡೇ!"

ಯಾರದು ಈ ದನಿ? ಸೌಂಡಣ್ಣ ಕುರ್ಚಿ ಸಮೇತ ತಿರುಗಿದ. ಅಷ್ಟು ಮಕ್ಕಳ ಗಲಾಟೆಯ ಮೇಲೆ, ತಗಡಿನ ಸೂರಿಗೆ ಬಡಿಯುವ ಹಾಗೆ, ಅವನ ಮಗ ಟೈರಿನ ಗುಡ್ಡ ಹತ್ತುತ್ತ ಕೂಗುತ್ತಿದ್ದ. "ಅದು ನಂದು! ಕೇಳ್ದೆ ಯಾಕೆ ತಗೊಂಡೆ? ನಾನು ಆಗ್ಲೇ ಹೇಳ್ಬೇಕು ಅಂತಿದ್ದೆ, ಹೇಳೋ ಹಾಗಿರ್ಲಿಲ್ಲ! ಕೊಡು!"

"ನಿಂಗೆ ಮಾತು ಬರುತ್ತಾ?" ಎಂದಳು ಎರಡು ಜಡೆಯವಳು.

"ಬರ್ದೆ ಏನು? ನಿನಗಿಂತ ಜಾಸ್ತಿ ಬರುತ್ತೆ!"

ಅತ್ತೆಯ ಕೈಯಲ್ಲಿದ್ದ ಟೀ ಅರ್ಧ ನೆಲದ ಪಾಲಾಯಿತು. ಕಾಲುಚೀಲ ಗೆದ್ದುಕೊಂಡ ರೇಡಿಯೋ ಗುಡ್ಡದಿಂದ ಜಾರಿ, ಓಡಿ ಬಂದು, ಅಪ್ಪನ ಮೊಣಕಾಲಿಗೆ ಡಿಕ್ಕಿ ಹೊಡೆದು ನಿಂತ. ಮುಖದಲ್ಲಿ ಭಯವಿಲ್ಲ, ಸಂಕೋಚವಿಲ್ಲ. ದೊಡ್ಡ ಕೆಲಸವೊಂದನ್ನು ಮುಗಿಸಿದವನ ಬೆವರು, ಹೆಮ್ಮೆ.

"ಅಪ್ಪಾ, ಹೇಗೆ ಬಂತು? ಚೆನ್ನಾಗಿ ಬಂತಾ?"

"ಏನು ಮಗಾ? ಏನು ಬಂತಾ?"

"ರೆಕಾರ್ಡಿಂಗು! ನಾನು ಒಂದ್ಸಲಾನೂ ಮಾತಾಡ್ಲಿಲ್ಲ. ಒಂದ್ಸಲಾನೂ ಕೆಮ್ಮಲಿಲ್ಲ. ಟೀಚರ್ ನಾಯಿ ಥರ ಬೊಗಳಿದ್ರಲ್ಲ, ಆಗ ನಗು ಬಂದಿತ್ತು, ಆದ್ರೂ ನಗಲಿಲ್ಲ. ಈ ಸಲ ಯಾಕಪ್ಪಾ ಇಷ್ಟು ಉದ್ದ?"

ಸೌಂಡಣ್ಣನಿಗೆ ಆಗ ನೆನಪಾಯಿತು. ಆರು ತಿಂಗಳ ಹಿಂದೆ ಹಕ್ಕಿಗಳ ಸದ್ದು ಹಿಡಿಯಲು ಕೆರೆ ದಂಡೆಗೆ ಹೋಗುವಾಗ ಮಗ ಹಟ ಮಾಡಿ ಜೊತೆಗೆ ಬಂದಿದ್ದ. ಬಿದಿರಿನ ಮೆಳೆಯ ಪಕ್ಕ ಕೂರಿಸಿ, ತುಟಿ ಮೇಲೆ ಬೆರಳಿಟ್ಟು, ತಾನೇ ಹೇಳಿದ್ದ: "ನೋಡು, ಈಗ ರೆಕಾರ್ಡಿಂಗು. ಅಪ್ಪ 'ಕಟ್' ಅನ್ನೋವರೆಗೂ ಹೊರಗೆ ಒಂದೇ ಒಂದು ಮಾತಾಡಬಾರದು. ಏನಿದ್ರೂ ಮನೇಲಿ." ಆಮೇಲೆ ಎಲ್ಲಿಂದಲೋ ಎರಡು ನಾಯಿ ಅಟ್ಟಿಸಿಕೊಂಡು ಬಂದವು. ಮೈಕನ್ನೂ ಮಗನನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದ್ದೇ ಓಡಿದ್ದು. ಮನೆ ಸೇರಿದಾಗ ಅದೊಂದು ನಗುವ ಕತೆಯಾಗಿತ್ತು. 'ಕಟ್' ಎನ್ನುವುದು ಬಿಟ್ಟೇಹೋಗಿತ್ತು. ಶೂಟಿಂಗಿನಲ್ಲಿ ಆ ಒಂದು ಮಾತು ಮರೆತರೆ ನಟರು ಬೈದು ಎದ್ದುಹೋಗುತ್ತಾರೆ. ಇವನು ಎದ್ದುಹೋಗಲಿಲ್ಲ. ಅಪ್ಪನ ಕೆಲಸ ಕೆಡಬಾರದು ಎಂದು ಬೀದಿ, ಅಂಗಡಿ, ಶಾಲೆ, ಚೆಂಡಿನ ತೊಟ್ಟಿಯವರೆಗೂ ತುಟಿ ಕಚ್ಚಿಕೊಂಡು ಕಾದಿದ್ದ. ಅಪ್ಪನೋ, ಇವನನ್ನು ಮಾತಾಡಿಸಲೆಂದು ಹೋದ ಕಡೆಯೆಲ್ಲ ಅದೇ ರೆಕಾರ್ಡರನ್ನು ಕೊರಳಿಗೆ ಹಾಕಿಕೊಂಡು ಎದುರಿಗೆ ಕೂತಿದ್ದ.

"ಅಪ್ಪಾ, ಇನ್ನೂ ಸ್ವಲ್ಪ ಹೊತ್ತು ಇರ್ಬೇಕಿತ್ತಾ?" ರೇಡಿಯೋ ಮುಖ ಚಿಕ್ಕದು ಮಾಡಿದ. "ನೀನು ಕಟ್ ಅಂದಿದ್ದು ನಂಗೆ ಅಲ್ವಾ?"

"ನಿಂಗೇ ಕಣೋ. ನಿಂಗೇ ಅಂದಿದ್ದು." ನಾಚಿಕೆ, ನಗು, ಸಂಕಟ ಮೂರೂ ಒಟ್ಟಿಗೆ ಬಂದವು. ಅತ್ತೆ ಮುಂದೆ ಅಳಬಾರದು ಅಂದುಕೊಂಡ, ಆಗಲಿಲ್ಲ, ಮಗನ ತಲೆಗೆ ಮುಖ ಒತ್ತಿ ಅತ್ತ. "ತುಂಬಾ ಚೆನ್ನಾಗಿ ಬಂತು ಮಗಾ. ಇಷ್ಟು ಚೆನ್ನಾಗಿ ಯಾರೂ ಮಾಡಲ್ಲ. ಮುಗೀತು. ಇನ್ಮೇಲೆ ಎಲ್ಲಿ ಬೇಕಾದ್ರೂ ಮಾತಾಡು."

"ಅಂಗಡೀಲೂ?"

"ಅಂಗಡೀಲೂ."

"ಶಾಲೇಲೂ?"

"ಶಾಲೇಲಿ ಮೊದಲು ನಿನ್ನ ಹೆಸರು ಹೇಳು ಸಾಕು."

ರೇಡಿಯೋ ಒಂದು ಕಾಲಿಗೆ ಕಾಲುಚೀಲ ಹಾಕದೆಯೇ ಟೈರಿನ ಕಡೆ ಓಡಿದ. ಅತ್ತೆ ಕಣ್ಣೊರೆಸಿಕೊಂಡರು. ಅಳಿಯನಿಗೆ ಹೇಳಲು ಅವರ ಬಾಯಲ್ಲಿ ಒಂದು ಬಸ್ಸಿನಷ್ಟು ಮಾತಿತ್ತು, ಆದರೆ ಅವನ ಸೊಂಟಕ್ಕೆ ಇನ್ನೂ ಸಿಕ್ಕಿಕೊಂಡಿದ್ದ ಕುರ್ಚಿ ನೋಡಿ, "ಮೊದಲು ಇದನ್ನ ಬಿಡಿಸ್ಕೊಳ್ಳಿ, ಆಮೇಲೆ ವಿಚಾರಿಸ್ಕೋತೀನಿ" ಎಂದು ಹಿಂದಿನಿಂದ ಎಳೆಯತೊಡಗಿದರು.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಪಾಠದ ಕಾರಿನಲ್ಲಿದ್ದಳು. ಅವಳ ಪಕ್ಕದಲ್ಲಿ ಸ್ಟೀರಿಂಗ್ ಹಿಡಿದಿದ್ದವರು ಬ್ಯಾಂಕಿನಿಂದ ನಿವೃತ್ತರಾಗಿ ಈಗ ಕಾರು ಕಲಿಯುತ್ತಿದ್ದ ಹಿರಿಯರು.

"ಹೇಗಿದೆ ರೀ ಜಾಗ?" ಎಂದವಳು ಅಲ್ಲಿಗೇ ನಿಂತಳು. ಇತ್ತ ಟೈರಿನ ಮೇಲಿಂದ ರೇಡಿಯೋ ಎರಡು ಜಡೆಯವಳಿಗೆ ಇರುವೆಗಳ ವಿಷಯವನ್ನು ಸವಿಸ್ತಾರವಾಗಿ ಕೂಗಿ ಹೇಳುತ್ತಿದ್ದ. "ಓ, ಮನೆಗೆ ಬಂದುಬಿಟ್ರಾ? ಇಷ್ಟು ಬೇಗ? ಅಲ್ಲೂ ಆಗ್ಲಿಲ್ವಾ?" ಅವಳ ದನಿ ಇಳಿದುಹೋಯಿತು.

"ಇಲ್ಲ ಕಣೇ," ಎಂದ ಸೌಂಡಣ್ಣ. "ನಾವಿನ್ನೂ ಇಲ್ಲೇ ಇದ್ದೀವಿ. ಆಟದ ಮನೇಲಿ."

ಆ ಕಡೆ ಇಂಜಿನ್ನಿನ ಸದ್ದಿನ ನಡುವೆ ಅವಳು ಪಕ್ಕದವರಿಗೆ ಹೇಳುವುದು ಕೇಳಿಸಿತು.

"ಸಾರ್, ಗಾಡಿ ಪಕ್ಕಕ್ಕೆ ಹಾಕಿ."

"ಯಾಕಮ್ಮಾ, ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲ ಸಾರ್. ದಯವಿಟ್ಟು ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ. ನನ್ನ ಮಗ ಮಾತಾಡ್ತಾ ಇದ್ದಾನೆ."